ನವಿಲು ನುಂಗಿದ ನಿಯಮ

"ಎಂಟನೇದು ಎಲ್ಲಿ ಬರೀಲಿ?"

ಹೀಗೆ ಕೇಳಿದವನು ಬೋರ್ಡು ಬರೆಯುವ ಇಮಾಮಸಾಬ. ಕೇಳಿಸಿಕೊಳ್ಳಲು ಹೈಸ್ಕೂಲಿನ ಆ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನಾನಿದ್ದೆ. ಆದರೆ ನಾನು ಒಂದು ಹಲಗೆ. ಎರಡು ಇಟ್ಟಿಗೆಗಳ ಮೇಲೆ ಅಂಗಾತ ಮಲಗಿದ್ದೆ. ನನ್ನ ಮೈಮೇಲೆ ಏಳು ನಿಯಮಗಳು ಆಗಲೇ ಮುಗಿದಿದ್ದವು. ಎಂಟನೆಯದಕ್ಕೆ ಬೆರಳಗಲ ಜಾಗವೂ ಉಳಿದಿರಲಿಲ್ಲ.

ನಾನು ಹುಟ್ಟಿದ್ದು ನಿಯಮ ಹೇಳಲಿಕ್ಕಲ್ಲ. ನೇಕಾರರ ಓಣಿಯ ಪುರಾಣದ ಚಾವಡಿಗೆ ಒಬ್ಬ ಬಡಿಗ ಸಾಗವಾನಿ ಮರದಲ್ಲಿ ಎರಡು ಕದ ಮಾಡಿದ. ಅದರಲ್ಲಿ ಎಡಗಡೆಯದು ನಾನು. ಶ್ರಾವಣ ಬಂತೆಂದರೆ ದಿನವೂ ಸಂಜೆ ನನ್ನನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸುತ್ತಿದ್ದರು. ಮಗ್ಗದಿಂದ ಎದ್ದು ಬಂದ ಹೆಂಗಸರು ನನಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಒಬ್ಬ ಅಜ್ಜ ಪದ್ಯ ಹಾಡುತ್ತಿದ್ದ, ಇನ್ನೊಬ್ಬ ಅರ್ಥ ಬಿಡಿಸುತ್ತಿದ್ದ. ಹೀಗೆ ನಲವತ್ತು ಶ್ರಾವಣ ಕೇಳಿದೆ. ಷಟ್ಪದಿಯ ಐದು ಸಾಲು ಹಾಡಿ ಆರನೆಯದಕ್ಕೆ ಮೊದಲು ಅಜ್ಜನಿಗೆ ಕೆಮ್ಮು ಬಂದರೆ ಇಡೀ ಸಭೆ ಉಸಿರು ಹಿಡಿದು ಕಾಯುತ್ತಿತ್ತು. ಆ ಸಾಲು ಬಂದ ಮೇಲೆಯೇ ಎಲ್ಲರೂ ಕಾಲು ಸಡಿಲಿಸುತ್ತಿದ್ದರು. ಕೇಳುವುದೊಂದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ. ಕೇಳಿದ್ದನ್ನು ನಾನು ಮರೆಯುವುದೂ ಇಲ್ಲ. ಅದೇ ಈಗ ನನ್ನನ್ನು ಸುಡುತ್ತಿದೆ.

ಚಾವಡಿಗೆ ಕಬ್ಬಿಣದ ಬಾಗಿಲು ಬಂತು. ನನ್ನ ಜೋಡಿ ಯಾರದೋ ಬಚ್ಚಲಿಗೆ ಹೋಯಿತು. ನನ್ನನ್ನು ಅಂದಾನೆಪ್ಪ ಎಂಬ ನೂಲಿನ ವ್ಯಾಪಾರಿ ಊರ ಹೈಸ್ಕೂಲಿಗೆ ಕೊಟ್ಟ. ಶಾಲೆಗೆ ಆ ವರ್ಷ ಹತ್ತು ಕಂಪ್ಯೂಟರ್ ಬಂದಿದ್ದವು. ಅವುಗಳ ಕೋಣೆಗೆ ಒಂದು ನಿಯಮದ ಬೋರ್ಡು ಬೇಕಿತ್ತು. ಅಂದಾನೆಪ್ಪನ ಷರತ್ತು ಒಂದೇ: ಮೇಲುಗಡೆ ತನ್ನ ಹೆಸರು ದೊಡ್ಡದಾಗಿ ಇರಬೇಕು.

ಆಗಿನ ಮುಖ್ಯೋಪಾಧ್ಯಾಯಿನಿ ಕಸ್ತೂರಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರೆಂದೇ ಕರೆಯುತ್ತಾರೆ. ಅವರು ಒಂದು ಚೀಟಿಯಲ್ಲಿ ಎಂಟು ನಿಯಮ ಬರೆದು ತಂದು, ಇಮಾಮಸಾಬನ ಮುಂದೆ ನಿಂತು ಒಂದೊಂದಾಗಿ ಓದಿದರು. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಬರಬೇಕು. ಕೈ ತೊಳೆದು ಒರೆಸಿಕೊಂಡು ಬರಬೇಕು. ಶಿಕ್ಷಕರು ಹೇಳುವ ಮೊದಲು ಯಾವ ಗುಂಡಿಯನ್ನೂ ಒತ್ತಬಾರದು. ಒಂದು ಯಂತ್ರಕ್ಕೆ ಮೂವರು, ಸರದಿ ತಪ್ಪಬಾರದು. ತಿಂಡಿ, ನೀರು ಒಳಗೆ ತರಬಾರದು. ಹೊರಗಿನ ಸಿಡಿ ಹಾಕಬಾರದು. ಮುಗಿದ ಮೇಲೆ ಯಂತ್ರ ಬಂದ್ ಮಾಡಿ ಮುಸುಕು ಹೊದಿಸಬೇಕು. ಎಂಟನೆಯದನ್ನು ಮಾತ್ರ ಅವರು ನಿಧಾನವಾಗಿ, ಎರಡು ಸಲ ಓದಿದರು: ಕಾಲಿನ ಅಥವಾ ಬೇರೆ ಯಾವುದೇ ಅಡಚಣೆ ಇರುವ ಮಕ್ಕಳು ಇದ್ದ ಹಾಗೆಯೇ ಒಳಗೆ ಬರಬಹುದು, ಶಿಕ್ಷಕರು ಅನುಕೂಲ ಮಾಡಿಕೊಡಬೇಕು.

"ಕಡೀದು ಅಂತ ಇದನ್ನ ಬಿಟ್ಟಗಿಟ್ಟೀರಿ ಇಮಾಮಸಾಬ. ಒಂದು ಹುಡುಗಿ ಐತಿ," ಎಂದರು.

"ನಾ ಯಾಕ ಬಿಡ್ಲಿರಿ ಅಕ್ಕೋರ," ಎಂದ ಅವನು.

ಬಿಡುವ ಮನಸ್ಸು ಅವನಿಗೆ ಖಂಡಿತ ಇರಲಿಲ್ಲ. ಅಂದಾನೆಪ್ಪನ ಹೆಸರು ಬರೆದ. ಹೆಸರಿನ ಸುತ್ತ ಬಳ್ಳಿ ಬಿಡಿಸಿದ. ಬಣ್ಣ ಮಿಕ್ಕಿತ್ತು, ಕೈ ಹದಕ್ಕೆ ಬಂದಿತ್ತು. ಮೂಲೆಯಲ್ಲಿ ಒಂದು ನವಿಲು ಬರೆದ. ಅದರ ಬಾಲ ನನ್ನ ಕೆಳ ಅಂಚಿನ ಉದ್ದಕ್ಕೂ ಹರಡಿಕೊಂಡಿತು. ಆ ಮೇಲೆ ನಿಯಮಗಳಿಗೆ ಕೈ ಹಾಕಿದ. ಮೊದಲು ಅಲಂಕಾರ, ಆ ಮೇಲೆ ಅಕ್ಷರ, ಇದು ಅವನು ಕಲಿತ ಕ್ರಮ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಲವತ್ತು ವರ್ಷ ನನಗೆ ಯಾರೂ ಬಣ್ಣ ಹಚ್ಚಿರಲಿಲ್ಲ. ಚಾವಡಿಯಲ್ಲಿ ದೀಪವೂ ಹೂವೂ ಓದುವವರ ಕಡೆಗೇ ಹೋಗುತ್ತಿದ್ದವು. ನೀಲಿ ಬಣ್ಣದ ಕುಂಚ ಮೊದಲ ಸಲ ಮೈಮೇಲೆ ಹರಿದಾಗ ನಾನು ಹಿಗ್ಗಿಹೋದೆ. ಬಾಲ ಇನ್ನೂ ಒಂದು ಗೇಣು ಬೆಳೆಯಲಿ ಎಂದುಕೊಂಡೆ. ಬೆಳೆಯಿತು. ನಾನು ಬೇಡ ಎಂದುಕೊಂಡಿದ್ದರೂ ಅವನ ಕೈ ನಿಲ್ಲುತ್ತಿರಲಿಲ್ಲ, ಬಲ್ಲೆ. ಆದರೆ ನಾನು ಬೇಡ ಎಂದುಕೊಳ್ಳಲಿಲ್ಲ. ಎಂಟನೆಯ ನಿಯಮದ ಜಾಗ ಬಣ್ಣದಲ್ಲಿ ಮುಳುಗುತ್ತಿದ್ದಾಗ ನಾನು ಸುಖಪಟ್ಟೆ.

ಇಮಾಮಸಾಬ ತಲೆ ಕೆರೆದುಕೊಂಡ. ಒಂದು ಸಣ್ಣ ಪಟ್ಟಿ ತಂದು, ಎಂಟನೆಯದನ್ನು ಅದರಲ್ಲಿ ಬರೆದು ನನ್ನ ಕೆಳಗೆ ಮೊಳೆ ಹೊಡೆದರಾಯಿತೆಂದು ತನ್ನಷ್ಟಕ್ಕೇ ಹೇಳಿಕೊಂಡು ಹೊರಟ. ಮರುದಿನ ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅದೇ ವಾರ ಕಸ್ತೂರಿ ಅಕ್ಕೋರಿಗೆ ವರ್ಗವಾಯಿತು. ಶಾಲೆಯ ಜವಾನ ನನ್ನನ್ನು ಏಳೇ ನಿಯಮಗಳೊಂದಿಗೆ ಕಂಪ್ಯೂಟರ್ ಕೋಣೆಯ ಬಾಗಿಲ ಪಕ್ಕ ತೂಗುಹಾಕಿದ. ಎಂಟನೆಯದನ್ನು ಕೇಳಿದವರಲ್ಲಿ ಆ ಶಾಲೆಯಲ್ಲಿ ಉಳಿದವನು ನಾನೊಬ್ಬನೇ.

ಕಂಪ್ಯೂಟರ್ ಕಲಿಸಲು ಬಂದವರು ಬಸವಂತ ಸರ್. ಎಳೆಯ ವಯಸ್ಸು, ಗುತ್ತಿಗೆಯ ನೌಕರಿ. ಹತ್ತು ಯಂತ್ರಗಳಲ್ಲಿ ಒಂದು ಕೆಟ್ಟರೂ ಉತ್ತರ ಕೊಡಬೇಕಾದವರು ಅವರು. ಧೂಳನ್ನು ಕಂಡರೆ ಅವರಿಗೆ ಹಾವು ಕಂಡಷ್ಟು ಭಯ. ತಮ್ಮ ಚಪ್ಪಲಿಯನ್ನು ಎಲ್ಲರಿಗಿಂತ ಮೊದಲು ಬಿಡುತ್ತಿದ್ದರು, ಮಳೆಗಾಲದಲ್ಲಿ ಕಾಲು ತೊಳೆದೇ ಒಳಗೆ ಬರುತ್ತಿದ್ದರು. ತರಗತಿ ಶುರುವಾಗುವ ಮೊದಲು ಮಕ್ಕಳೆಲ್ಲ ನನ್ನ ಮುಂದೆ ಸಾಲಾಗಿ ನಿಂತು ನಿಯಮಗಳನ್ನು ಗಟ್ಟಿಯಾಗಿ ಹೇಳಬೇಕಿತ್ತು. ಏಳನ್ನೂ ಹೇಳಿ ಅವರು ಒಳಗೆ ಓಡುತ್ತಿದ್ದರು. ನಾನೋ, ಕೊನೆಯ ಸಾಲು ಬಾರದ ಪದ್ಯ ಕೇಳಿದವರ ಹಾಗೆ ಉಸಿರು ಹಿಡಿದು ಅಲ್ಲೇ ಉಳಿಯುತ್ತಿದ್ದೆ.

ಒಂಬತ್ತನೆಯ ತರಗತಿಯ ಫಕೀರವ್ವ ಮೊದಲ ದಿನ ಎಲ್ಲರಿಗಿಂತ ಹಿಂದೆ ಬಂದಳು. ಅವಳ ಎಡಗಾಲಿಗೆ ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ ಇತ್ತು. ಪಟ್ಟಿಯ ತುದಿ ಬೂಟಿನ ಹಿಮ್ಮಡಿಯೊಳಗೆ ಸೇರಿತ್ತು. ಬೂಟು ಬಿಚ್ಚಿದರೆ ಕಾಲೇ ಇಲ್ಲದ ಹಾಗೆ. ನೇಕಾರರ ಓಣಿಯ ಹುಡುಗಿ. ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆರಳು ಚುರುಕಾಗಿದ್ದವು. ಕಂಪ್ಯೂಟರ್ ಮುಟ್ಟಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಹೊಸ್ತಿಲ ಹೊರಗಿನಿಂದಲೇ ಹತ್ತೂ ಯಂತ್ರಗಳನ್ನು ಒಂದೊಂದಾಗಿ ನೋಡಿದಳು.

"ಬೋರ್ಡಿನ್ಯಾಗ ಏನೈತಿ, ಓದವ್ವಾ," ಎಂದರು ಬಸವಂತ ಸರ್. ದನಿಯಲ್ಲಿ ಸಿಟ್ಟಿರಲಿಲ್ಲ.

ಅವಳು ಏಳನ್ನೂ ಓದಿದಳು. ಅಲ್ಲಿಗೆ ನಿಲ್ಲಿಸಲಿಲ್ಲ. ಕಣ್ಣು ಇನ್ನೂ ಕೆಳಗೆ ಇಳಿದು, ನವಿಲಿನ ಬಾಲದ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹುಡುಕಾಡಿತು.

"ಬೂಟು ಬಿಚ್ಚಾಕ ಬರದವರು ಏನ್ ಮಾಡಬೇಕು ಅಂತ ಬರದಿಲ್ಲೇನ್ರಿ ಸರ್?"

"ಬರದಿದ್ರ ಬಿಡತಿದ್ದೆ ತಂಗಿ. ಬರದಿಲ್ಲಲ್ಲ. ಇವತ್ತ ನಿನ್ನ ಬಿಟ್ರ ನಾಳೆ ಎಲ್ಲಾರೂ ಕಾಲ್ಮರಿ ಹಾಕ್ಕೊಂಡ ಬರತಾರ."

ಅಕ್ಕೋರ ಚೀಟಿಯಲ್ಲಿ ಇದ್ದ ಸಾಲನ್ನೇ ಅವಳು ಹುಡುಕಿದ್ದಳು. ಅದು ಬಣ್ಣದ ಅಡಿಯಲ್ಲಿಯೂ ಇರಲಿಲ್ಲ, ನನ್ನ ನೆನಪಿನಲ್ಲಿ ಮಾತ್ರ ಇತ್ತು. ಗಾಳಿಗೆ ಗೋಡೆಗೆ ಬಡಿದುಕೊಳ್ಳುವುದು ನನ್ನಿಂದ ಆಗುತ್ತಿತ್ತು. ಆ ದಿನ ಗಾಳಿಯೂ ಇರಲಿಲ್ಲ.

ಮುಂದಿನ ವಾರ ಅವಳು ನಲ್ಲಿಯ ಕೆಳಗೆ ಬೂಟನ್ನು ತಿಕ್ಕಿ ತೊಳೆದುಕೊಂಡು ಬಂದಳು. ಒದ್ದೆ ಬೂಟಿಗೂ ಕರೆಂಟಿಗೂ ಆಗಿಬರುವುದಿಲ್ಲವೆಂದು ಸರ್ ತಿರುಗಿ ಕಳಿಸಿದರು. ಅದರ ಮುಂದಿನ ವಾರ ಅವಳು ಹೊಸ್ತಿಲ ಮೇಲೆ ಕೂತು ಕಬ್ಬಿಣವನ್ನು ಕಾಲಿಗೆ ಬಿಗಿದಿದ್ದ ಐದು ಚರ್ಮದ ಪಟ್ಟಿಗಳನ್ನೂ ಬಿಚ್ಚಿ, ಬೂಟನ್ನು ಉಳಿದವರ ಚಪ್ಪಲಿಗಳ ಸಾಲಿನಲ್ಲಿಟ್ಟು, ಅಂಗೈ ಊರಿಕೊಂಡು ತೆವಳುತ್ತ ಒಳಗೆ ಹೋದಳು. ಎರಡನೆಯ ಯಂತ್ರದ ತನಕ ಹೋಗಿದ್ದಳು. "ಸರೀರಲೇ, ಕಪ್ಪೆ ಬಂತು," ಎಂದ ಶೇಕಪ್ಪ ಎಂಬ ಹುಡುಗ. ಕೋಣೆಯೆಲ್ಲ ನಕ್ಕಿತು. ಸರ್ ಅವನ ಕಿವಿ ಹಿಂಡಿದರು, ಆದರೆ ಅವಳ ಕಡೆ ನೋಡಲಾರದೆ ಗೋಡೆಯ ಕಡೆ ತಿರುಗಿದರು. ಫಕೀರವ್ವ ಹೋದ ದಾರಿಯಲ್ಲೇ ತೆವಳಿಕೊಂಡು ಹಿಂದೆ ಬಂದು, ಬೂಟು ಕಟ್ಟಿಕೊಂಡು, ಗೋಡೆ ಹಿಡಿದು ಎದ್ದಳು. ಆ ಮೇಲೆ ಒಮ್ಮೆಯೂ ಒಳಗೆ ಬಿಡಿ ಎಂದು ಕೇಳಲಿಲ್ಲ.

ಸರ್ ಕೆಟ್ಟವರಾಗಿದ್ದರೆ ನನ್ನ ಹೊರೆ ಹಗುರವಾಗುತ್ತಿತ್ತೇನೋ. ಅವರು ಒಂದು ರಟ್ಟಿನ ಮೇಲೆ ಕೀಲಿಮಣೆಯನ್ನು ಅಳತೆ ಮಾಡಿ ಬರೆದು ಅವಳಿಗೆ ಕೊಟ್ಟರು. ಬಾಗಿಲ ಹೊರಗೆ ಅವಳಿಗಾಗಿ ಒಂದು ಸ್ಟೂಲು ಹಾಕಿಸಿದರು. ಹೊರಗಿದ್ದವಳಿಗೂ ಕೇಳಲೆಂದು ಪಾಠವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಅವಳು ಎರಡು ವರ್ಷ ನನ್ನ ಕೆಳಗೇ ಕೂತು ರಟ್ಟಿನ ಮೇಲೆ ಬೆರಳಾಡಿಸಿದಳು. ಯಾವ ಗುಂಡಿ ಎಲ್ಲಿದೆ ಎಂದು ಸರ್ ಕೇಳಿದರೆ ಒಳಗಿನವರು ತಡಕಾಡುವ ಹೊತ್ತಿಗೆ ಹೊರಗಿನಿಂದ ಅವಳ ಉತ್ತರ ಬಂದಿರುತ್ತಿತ್ತು. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ರಟ್ಟಿನ ಅಕ್ಷರಗಳೆಲ್ಲ ಸವೆದು ಬರಿ ಮಸಿ ಉಳಿದಿತ್ತು. ಆದರೂ ಅವಳ ಬೆರಳು ತಪ್ಪುತ್ತಿರಲಿಲ್ಲ. ಎಷ್ಟು ಒತ್ತಿದರೂ ಯಾವ ಪರದೆಯ ಮೇಲೂ ಅವಳ ಒಂದು ಅಕ್ಷರ ಮೂಡಲಿಲ್ಲ, ಅಷ್ಟೆ.

ಈಗ ನಾನು ಶಾಲೆಯ ಸಾಮಾನು ಕೋಣೆಯಲ್ಲಿ, ಮುರಿದ ಬೆಂಚುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ಆ ಕಂಪ್ಯೂಟರುಗಳೂ ಇಲ್ಲೇ ಎಲ್ಲೋ ಇವೆ, ಮುಸುಕಿಲ್ಲದೆ. ಅವುಗಳ ಮೇಲೆ ಒಂದು ಬೆರಳು ದಪ್ಪ ಧೂಳಿದೆ. ಗೆದ್ದಲು ನನ್ನ ಬುಡವನ್ನು ಹಿಡಿದಿದೆ. ಯಾರೂ ಕರೆಯದ ಈ ಕತ್ತಲೆಯಲ್ಲಿ ಕೇಳಿದ ಪದ್ಯಗಳನ್ನು ಒಂದೊಂದಾಗಿ ನೆನೆಯುತ್ತೇನೆ. ದೇವರ ಎದುರು ನಿಂತು ತಪ್ಪೊಪ್ಪಿಕೊಂಡವರ ಕತೆ ಎಷ್ಟೊಂದು ಕೇಳಿದ್ದೆ. ಒಪ್ಪಿಕೊಂಡೊಡನೆ ಅವರಿಗೆಲ್ಲ ಬಿಡುಗಡೆಯಾಗುತ್ತಿತ್ತು, ಸಭೆ ಕೈ ಮುಗಿಯುತ್ತಿತ್ತು. ನಾನೂ ಹಾಗೆಯೇ ನಂಬಿದ್ದೆ. ಒಂದು ಮಧ್ಯಾಹ್ನ ಆ ನಂಬಿಕೆ ಹೋಯಿತು. ಹೇಳಲು ಹಿಂಜರಿಯುತ್ತ ಇದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಹತ್ತನೆಯವರಿಗೆ ಅದು ಕೊನೆಯ ಕಂಪ್ಯೂಟರ್ ತರಗತಿ. ಶಾಲೆಯ ಗೋಡೆಗಳ ಮೇಲೆ ಮಾಸಿದ ಬರಹ ತಿದ್ದಲು ಇಮಾಮಸಾಬನನ್ನು ಕರೆಸಿದ್ದರು. ಅವನು ನನ್ನ ಮುಂದೆ ಬಂದು ನಿಂತ. ನವಿಲನ್ನು ನೋಡಿ ನಕ್ಕ. ಬೆರಳಿಟ್ಟು ನಿಯಮಗಳನ್ನು ಎಣಿಸಿದ.

"ಸರ್ರ, ಇದರಾಗ ಒಂದು ಕಡಿಮಿ ಐತ್ರಿ," ಎಂದು ಒಳಗಿದ್ದ ಬಸವಂತ ಸರ್‌ಗೆ ಕೂಗಿ ಹೇಳಿದ. "ನವಿಲು ದೊಡ್ಡದಾತು, ಎಂಟನೇದಕ್ಕ ಜಾಗಾ ಸಾಲಲಿಲ್ಲ. ಕಸ್ತೂರಿ ಅಕ್ಕೋರು ಎರಡೆರಡ ಸಲ ಹೇಳಿದ್ರು, ನಾನ ಮರತೆ."

ಸರ್ ಬಾಗಿಲಿಗೆ ಬಂದು ಏನದು ಎಂದರು. ಇಮಾಮಸಾಬ ನೆನಪು ಮಾಡಿಕೊಳ್ಳುತ್ತ ಹೇಳಿದ, ಕಾಲಿನ ಅಡಚಣೆ ಇದ್ದವರು ಇದ್ದಂಗ ಒಳಗ ಬರಬಹುದು ಅಂತ ಏನೋ ಇತ್ತು ಎಂದು. ಹೇಳಿ ಮುಗಿಸುವ ಹೊತ್ತಿಗೆ ಅವನ ಕಣ್ಣು ಸ್ಟೂಲಿನ ಮೇಲಿನ ಹುಡುಗಿಯ ಬೂಟಿನ ಮೇಲೆ ಬಿತ್ತು. ಅವನ ನಗು ನಿಂತಿತು. ನವಿಲನ್ನು ಅಳಿಸಿ ಈಗಲೇ ಬರೆದುಬಿಡುತ್ತೇನೆಂದು ಗಡಿಬಿಡಿಯಲ್ಲಿ ಕುಂಚ ಅದ್ದಿದ. ಅವನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಬಸವಂತ ಸರ್ ಬರಿಗಾಲಲ್ಲೇ ಹೊಸ್ತಿಲು ದಾಟಿ ಬಂದು ಫಕೀರವ್ವನ ಮುಂದೆ ನಿಂತರು. ಒಳಗೆ ಕೀಲಿಮಣೆಗಳ ಸಪ್ಪಳ ಒಂದೊಂದಾಗಿ ನಿಂತಿತು.

"ತಪ್ಪಾತವ್ವಾ. ಬಾ ಒಳಗ. ಬೂಟು ಹಾಕ್ಕೊಂಡ ಬಾ. ಮೊದಲನೇ ಮಷೀನು ಖಾಲಿ ಮಾಡಸ್ತೀನಿ."

ಅವಳು ರಟ್ಟನ್ನು ಎದೆಗೆ ಅವಚಿಕೊಂಡು, ಗೋಡೆ ಹಿಡಿದು ಎದ್ದಳು. ಒಳಗೆ ಒಮ್ಮೆ ನೋಡಿದಳು. ಆ ನೋಟದಲ್ಲಿ ಮೊದಲ ದಿನದ ಆಸೆ ಹಾಗೆಯೇ ಇತ್ತು. ನಾನು ಅವಳ ತಲೆಯ ಪಕ್ಕದಲ್ಲೇ ಇದ್ದೆ, ಸ್ಪಷ್ಟವಾಗಿ ಕಂಡೆ. ಬಂದೇಬಿಡುತ್ತಾಳೆ, ನನ್ನ ಪಾಪವೂ ಇಲ್ಲಿಗೆ ಕಳೆಯುತ್ತದೆ ಎಂದುಕೊಂಡೆ.

"ಒಂದ ಸಲ ಕುಂದ್ರು ತಂಗಿ," ಎಂದರು ಸರ್. "ಒಂದ ಅಕ್ಷರ ಒತ್ತು ಸಾಕು. ನನ್ನ ಸಮಾಧಾನಕ್ಕರ."

"ಇಲ್ರಿ ಸರ್," ಎಂದಳು ಫಕೀರವ್ವ. "ನಿಮ್ಮ ಸಮಾಧಾನಕ್ಕ ನಾ ಒಳಗ ಬರಂಗಿಲ್ಲ."