ಮೇಷ್ಟ್ರ ಹೆಸರಿನ ರಸ್ತೆ

ಗುದ್ದಲಿ ತೆಂಗಿನ ಬೇರಿಗೆ ಸಿಕ್ಕಿಕೊಂಡಿತು. ಶಿವರಾಜು ಕಾಲೂರಿ ಜಗ್ಗಿದ, ಬರಲಿಲ್ಲ. ಹಲ್ಲು ಕಚ್ಚಿ ಮತ್ತೆ ಜಗ್ಗಿದಾಗ ಬೇರು ಹರಿದು, ಅವನ ಬೆನ್ನು ಹೋಗಿ ಗುಣಿಯ ಗೋಡೆಗೆ ಬಡಿಯಿತು.

“ತತ್ತಾ ಇಲ್ಲಿ,” ಎಂದು ಮೇಲೆ ನಿಂತಿದ್ದ ಪಕ್ಕದ ತೋಟದ ವೆಂಕಟಯ್ಯ ಕೈ ಚಾಚಿದ. “ಅಣ್ಣನ ಗುಣೀನ ತಮ್ಮ ತೋಡಬಾರ್ದು ಕಣ್ಲಾ. ನಾವೆಲ್ಲ ಏನ್ ಸತ್ತೋಗಿದೀವಾ?”

“ನೀನ್ ತೋಡೋ ಹೊತ್ಗೆ ನಾಳೆ ಆಯ್ತದೆ ಮಾವ.”

“ಆದ್ರೆ ಆಗ್ಲಿ ಬುಡು. ನಿಮ್ಮಣ್ಣ ಇರೋಗಂಟ ನನ್ನ ಕೆಲ್ಸಕ್ಕೆ ತಪ್ಪು ಹುಡುಕ್ದ. ಈಗ ನೀನ್ ಶುರು ಮಾಡ್ಬೇಡ.”

ಶಿವರಾಜು ಮೇಲೆ ಹತ್ತಿ, ಉದುರಿಬಿದ್ದ ಸೋಗೆಯೊಂದರ ಮೇಲೆ ಕುಳಿತ. ಬೆಳಗಿನಿಂದ ಅವನಿಗೆ ಅಳು ಬಂದಿರಲಿಲ್ಲ. ಬರೀ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಅಣ್ಣ ಗಂಗರಾಜು ತಿಪಟೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿ ನಿವೃತ್ತನಾದವನು. ಮಕ್ಕಳಿರಲಿಲ್ಲ. ಹೆಂಡತಿ ನಿರ್ಮಲಾಳನ್ನು ಕರೆದುಕೊಂಡು ಹೊನ್ನವಳ್ಳಿ ಹತ್ತಿರದ ಈ ತೋಟಕ್ಕೆ ಬಂದು, ತಮ್ಮನ ಮನೆಯ ಪಕ್ಕದಲ್ಲೇ ಮನೆ ಕಟ್ಟಿಕೊಂಡ. ಕಾಲೇಜಿನಲ್ಲಾದರೆ ಗಂಟೆ ಹೊಡೆದಾಗ ಪಾಠ ನಿಲ್ಲುತ್ತಿತ್ತು. ತೋಟದಲ್ಲಿ ಗಂಟೆ ಹೊಡೆಯುವವರು ಯಾರು? ಮದುವೆಯ ಪಂಕ್ತಿಯಲ್ಲಿ, ಹಾಲಿನ ಡೈರಿಯ ಮುಂದೆ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ ಸರ್ಕಾರದ ಸಾಲದ ಪಾಠ. ಅವನು ಬರುವುದು ಕಂಡರೆ ಜನ ಬಾರದ ಫೋನನ್ನು ಕಿವಿಗೆ ಇಟ್ಟುಕೊಳ್ಳುತ್ತಿದ್ದರು. ನಿನ್ನೆ ಸಂಜೆ ಟೀವಿಯಲ್ಲಿ ಅಧಿವೇಶನದ ಚರ್ಚೆ ನೋಡುತ್ತಾ, “ಸುಳ್ಳು, ಶುದ್ಧ ಸುಳ್ಳು” ಎಂದವನು ಹಾಗೇ ಕುರ್ಚಿಗೆ ಒರಗಿಬಿಟ್ಟ.

ಬೆಳಿಗ್ಗೆ ಫ್ರೀಜರ್ ಪೆಟ್ಟಿಗೆ ತಂದ ವ್ಯಾನು ಅರ್ಧ ದಾರಿಯಲ್ಲೇ ಕೆಸರಿನಲ್ಲಿ ಹೂತುಕೊಂಡಿತು. ಟ್ರಾಕ್ಟರು ಕಟ್ಟಿ ಎಳೆಯಬೇಕಾಯಿತು. ಡ್ರೈವರು ಸಾವಿನ ಮನೆ ಎಂಬುದನ್ನೂ ನೋಡದೆ, “ಇದೇನ್ ದಾರೀನಾ ಗದ್ದೇನಾ?” ಎಂದು ಬೈದ. ಮಳೆಗಾಲ ಬಂತೆಂದರೆ ಈ ದಾರಿಯದು ಇದೇ ಹಾಡು. ಕಾಯಿ ಲೋಡು ಮಾಡುವ ಲಾರಿ ಟಾರು ರಸ್ತೆಯಲ್ಲೇ ನಿಲ್ಲುತ್ತದೆ, ಅಲ್ಲಿಯವರೆಗೆ ಹೆಗಲ ಮೇಲೆ ಚೀಲ ಹೊರಬೇಕು. ಶಿವರಾಜುವಿನ ಹೆಗಲು ಜಡ್ಡುಗಟ್ಟಿತ್ತು. ಅವನಿಗೆ ದೇಶದ ಸಾಲ ತೀರುವುದು ಬೇಕಿರಲಿಲ್ಲ, ಒಂದು ರಸ್ತೆ ಬೇಕಿತ್ತು.

ಅಷ್ಟರಲ್ಲಿ ಪಂಚಾಯ್ತಿ ಮೆಂಬರ್ ರಾಜಣ್ಣ ಪಂಚೆ ಎತ್ತಿ ಕಟ್ಟಿಕೊಂಡು, ಕೆಸರು ದಾಟಿ ಬಂದ.

“ಶಿವಣ್ಣ, ಈಗಲೇ ಎತ್ಬೇಡಿ. ಅಧ್ಯಕ್ಷರು ಬತ್ತಾವ್ರೆ.”

ಅಧ್ಯಕ್ಷರೆಂದರೆ ಯಾವುದೋ ನಿಗಮಕ್ಕೆ ಅಧ್ಯಕ್ಷರು. ಯಾವ ನಿಗಮ ಎಂದು ಊರಲ್ಲಿ ಯಾರಿಗೂ ನೆನಪಿಲ್ಲ. ನಿಗಮದಲ್ಲಿ ಕಾಸಿಲ್ಲದಿದ್ದರೂ ಕಾರಿತ್ತು, ಕಾರಿನ ಹಿಂದೆ ಜನರಿದ್ದರು, ಮುಂದಿನ ಚುನಾವಣೆಗೆ ಟಿಕೆಟ್ಟು ಇವರಿಗೇ ಎಂಬ ಮಾತಿತ್ತು.

“ಅಣ್ಣಂಗೂ ಅವರ್ಗೂ ಎಣ್ಣೆ ಸೀಗೇಕಾಯಿ ಆಗಿತ್ತಲ್ಲ ರಾಜಣ್ಣ?”

“ಸತ್ತೋರ ಮೇಲೆ ಯಾರು ದ್ವೇಷ ಇಟ್ಕತಾರೆ? ರಸ್ತೆ ಮಾಡುಸ್ಕೊಡ್ತೀನಿ, ಮೇಷ್ಟ್ರ ಹೆಸರೇ ಇಡಾನ ಅಂದವ್ರೆ. ಹೆಣ ಮುಂದೆ ಇಟ್ಕೊಂಡು, ಇಷ್ಟು ಜನದ ಎದುರ್ಗೆ ಹೇಳಿದ್ರೆ ಮಾತು ಗಟ್ಟಿ ಆಗ್ತದೆ. ಆಮೇಲೆ ನೀನು ತಿಪಟೂರ್ಗೆ ಅಲೆದ್ರೂ ಸಿಗಾಕಿಲ್ಲ.”

“ಎಲ್ಲವ್ರಂತೆ?”

“ಗುಬ್ಬಿ ದಾಟವ್ರೆ.”

ರಾಜಕೀಯದವರು ಗುಬ್ಬಿ ದಾಟಿದ್ದಾರೆ ಎಂದರೆ ಇನ್ನೂ ಬೆಂಗಳೂರಲ್ಲಿ ಚಪ್ಪಲಿ ಹುಡುಕುತ್ತಿದ್ದಾರೆ ಎಂದು ಅರ್ಥ. ಶಿವರಾಜುವಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, “ಸರಿ, ಕಾಯಾನ” ಎಂದ.

*

ಹೋದ ಚುನಾವಣೆಯ ಮುಂಚೆ ಇದೇ ರಸ್ತೆಗೆ ಗುದ್ದಲಿ ಪೂಜೆ ಆಗಿತ್ತು. ಶಾಮಿಯಾನ ಹಾಕಿ, ಹೊಸ ಗುದ್ದಲಿಗೆ ಅರಿಸಿನ ಕುಂಕುಮ ಹಚ್ಚಿ, ಹೂ ಸುತ್ತಿ ಇಟ್ಟಿದ್ದರು. ಆಗಿನ್ನೂ ಅಧ್ಯಕ್ಷರಾಗಿರದ ಅಧ್ಯಕ್ಷರು ಕ್ಯಾಮರಾದ ಕಡೆ ಮುಖ ಮಾಡಿ ನೆಲಕ್ಕೆ ಗುದ್ದಲಿ ಹಾಕಿದ ಕೂಡಲೇ ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಶಿವರಾಜು.

ಚಪ್ಪಾಳೆ ನಿಂತ ಮೇಲೆ ಗಂಗರಾಜು ಎದ್ದು ನಿಂತ.

“ಒಂದು ಪ್ರಶ್ನೆ. ಈ ಕೆಲಸಕ್ಕೆ ಹಣ ಎಲ್ಲಿ ಇಟ್ಟಿದ್ದೀರಿ? ಹಿಂದಿನ ಕೆಲಸಗಳ ಬಿಲ್ಲೇ ಕಂಟ್ರಾಕ್ಟರಿಗೆ ಬಂದಿಲ್ಲ. ಹಳೇ ಸಾಲದ ಬಡ್ಡಿ ಕಟ್ಟೋದಕ್ಕೆ ಹೊಸ ಸಾಲ ತರ್ತಾ ಇದ್ದೀರಿ. ಇವತ್ತು ಪೂಜೆ ಮಾಡಿದ್ರಲ್ಲ, ಇದನ್ನ ಕಟ್ಟೋರು ಯಾರು?”

ಅಧ್ಯಕ್ಷರು ನಕ್ಕರು. “ಮೇಷ್ಟ್ರು ಇನ್ನೂ ರಿಟೈರ್ ಆಗಿಲ್ಲ ಅಂತ ಕಾಣುತ್ತೆ” ಎಂದರು. ಜನವೂ ನಕ್ಕಿತು. ಹೋಗುವಾಗ ಮಾತ್ರ ಅವರು ನಗಲಿಲ್ಲ.

ರಸ್ತೆ ಆಗಲಿಲ್ಲ. ಅಡಿಗಲ್ಲೊಂದು ಲಂಟಾನದ ಪೊದೆಯಲ್ಲಿ ಉಳಿಯಿತು. ದುಡ್ಡಿಲ್ಲದೆ ನಿಂತಿತೋ, ಮೇಷ್ಟ್ರ ನಾಲಿಗೆಯಿಂದ ನಿಂತಿತೋ, ಯಾರಿಗೆ ಗೊತ್ತು? ಊರು ಮಾತ್ರ ನಾಲಿಗೆಯದೇ ತಪ್ಪೆಂದು ತೀರ್ಮಾನಿಸಿತು. ಶಿವರಾಜುವೂ ಹಾಗೇ ನಂಬಿದ, ಆ ಮಳೆಗಾಲವಿಡೀ ಅಣ್ಣನ ಜೊತೆ ಮಾತು ಬಿಟ್ಟ.

*

“ಮೇಷ್ಟ್ರ ಮಾತು ಕೇಳಿ ಕೊಬ್ಬರಿ ಮಾರ್ಬುಟ್ಟೆ ಕಣಪ್ಪ,” ಎಂದು ವೆಂಕಟಯ್ಯ ಗುಣಿಯೊಳಗಿಂದಲೇ ಹೇಳುತ್ತಿದ್ದ. ಸುತ್ತ ಕುಳಿತವರು ಕಿವಿಗೊಟ್ಟಿದ್ದರು. “ಸರ್ಕಾರ ಕೊಂಡಿರೋ ಕೊಬ್ಬರೀನ ಮಾರ್ಕೆಟ್ಟಿಗೆ ಬುಡ್ತದೆ, ರೇಟು ಇನ್ನೂ ಬೀಳ್ತದೆ, ಅಟ್ಟ ಖಾಲಿ ಮಾಡು ಅಂದ. ಮಾರ್ದೆ. ವರ್ಷ ಒಪ್ಪತ್ತಿನಾಗೆ ರೇಟು ಆಕಾಶಕ್ಕೋಯ್ತು!”

“ಕೇಳ್ಲಿಲ್ವಾ ಅವ್ರನ್ನ?”

“ಕೇಳ್ದೆ. ‘ತಪ್ಪಾಯ್ತು ವೆಂಕಟಯ್ಯ, ನುಸಿರೋಗ, ಬಿಳಿನೊಣಕ್ಕೆ ಇಳುವರಿ ಇಷ್ಟು ಬೀಳ್ತದೆ ಅಂತ ನಾನು ಎಣಿಸಲಿಲ್ಲ’ ಅಂದ. ತಪ್ಪಾಯ್ತು ಅಂದೋನ್ನ ಏನಂತ ಬೈಯಾನ? ಆ ಅಧ್ಯಕ್ಷರು ಒಂದಿನಾನಾದ್ರೂ ತಪ್ಪಾಯ್ತು ಅಂದವ್ರಾ?”

ಬಿಸಿಲು ಇಳಿಯುತ್ತಿತ್ತು, ಮರಗಳ ನೆರಳು ಗುಣಿಯನ್ನು ದಾಟಿ ಬದುವಿಗೆ ಮುಟ್ಟಿತ್ತು. ಶಿವರಾಜು ಮನೆಯ ಕಡೆ ನಡೆದ.

ಜಗಲಿಯ ಮೇಲೆ, ಪೆಟ್ಟಿಗೆಯ ಗಾಜಿನೊಳಗೆ ಅಣ್ಣ ಮಲಗಿದ್ದ. ಹಣೆಯ ನಾಮ ಬೆವರಿದಂತೆ ಹರಡಿತ್ತು. ತಲೆಯ ಹತ್ತಿರ ಕುಳಿತಿದ್ದ ನಿರ್ಮಲಾ ಮೈದುನನನ್ನು ನೋಡಿ ಎದ್ದು ಬಂದಳು.

“ಯಾಕಪ್ಪ ಶಿವರಾಜು, ಇನ್ನೂ ಎತ್ತಿಲ್ಲ? ಹೊತ್ತು ಮುಳುಗೋದ್ರೊಳಗೆ ಮಣ್ಣಾಗ್ಬೇಕು.”

“ಅಧ್ಯಕ್ಷರು ಬತ್ತಾವ್ರೆ ಅತ್ಗೆ. ಇನ್ನೊಂದು ಸ್ವಲ್ಪ ಹೊತ್ತು.”

“ಅವರಾ?” ನಿರ್ಮಲಾಳ ದನಿ ಗಟ್ಟಿಯಾಯಿತು. “ನಿಮ್ಮಣ್ಣ ಅವರ ಬಗ್ಗೆ ಏನ್ ಹೇಳ್ತಿದ್ರು ಅಂತ ನಿನಗೆ ಗೊತ್ತಿಲ್ವಾ?”

“ಅಣ್ಣ ಹೇಳ್ತಾನೇ ಇದ್ದ! ಹೇಳಿ ಹೇಳಿ ಏನ್ ಬಂತು ಅತ್ಗೆ? ಬೆಳಿಗ್ಗೆ ಅವ್ನ್ ಪೆಟ್ಟಿಗೇನ ಟ್ರಾಕ್ಟರ್‌ನಾಗೆ ಎಳ್ಕೊಂಡ್ ಬಂದೋ. ಹೋಗೋ ಮುಂಚೆ ಒಂದ್ ರಸ್ತೆಗಾದ್ರೂ ಆಗ್ಲಿ ಅವನು.”

ಮಾತು ಹೊರಬಿದ್ದ ಮೇಲೆ ಅವನಿಗೇ ನಾಚಿಕೆಯಾಯಿತು. ನಿರ್ಮಲಾ ಅವನ ಮುಖವನ್ನೇ ನೋಡಿದಳು.

“ಅವರ ಪಾಠ ಕೇಳಿ ಕೇಳಿ ನನಗೂ ತಲೆ ಚಿಟ್ಟು ಹಿಡಿದಿತ್ತು ಕಣಪ್ಪ. ಎಷ್ಟೋ ಸಲ ಟೀವಿ ಆರಿಸಿ ಎದ್ದುಹೋಗಿದ್ದೀನಿ. ಆದ್ರೆ ಇವತ್ತು ಅವರಿಗೆ ಎದುರು ಮಾತಾಡೋಕ್ಕೆ ಬಾಯಿಲ್ಲ. ಇವತ್ತೇ ಕರೆಸ್ತಾ ಇದ್ದೀಯಲ್ಲ ನೀನು?”

ಅವಳು ಹೋಗಿ ಮತ್ತೆ ಗಂಡನ ತಲೆಯ ಹತ್ತಿರ ಕುಳಿತಳು.

*

ಮಾತು ಬಿಟ್ಟಿದ್ದ ಆ ಮಳೆಗಾಲದ ಕೊನೆಗೆ ಅಣ್ಣನೇ ಸೋತು ಬಂದಿದ್ದ. ಶಿವರಾಜು ಸಸಿ ಮಾಡಲು ಆರಿಸಿದ ಬಿತ್ತನೆ ಕಾಯಿಗಳನ್ನು ಪಾತಿಯಲ್ಲಿ ಹೂಳುತ್ತಿದ್ದ. ಅಣ್ಣ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದೊಂದೇ ಕಾಯಿ ಎತ್ತಿ ಕೊಡತೊಡಗಿದ.

“ರಸ್ತೆ ಬೇಡ ಅಂದೋನಲ್ಲ ಕಣೋ ನಾನು,” ಎಂದ ತಾನಾಗಿಯೇ. “ಸಾಲಾನೂ ಬೇಡ ಅನ್ನಲ್ಲ. ಬಡವರಿಗೆ ಕೊಡಬೇಡಿ ಅಂತಾನೂ ಅನ್ನಲ್ಲ. ಸಸಿ ನೆಡೋಕೆ ಸಾಲ ಮಾಡ್ಲಿ, ಮರ ತೀರ್ಸುತ್ತೆ. ಇವರು ಬಿತ್ತನೆ ಕಾಯಿ ಒಡೆದು ಚಟ್ನಿ ಅರೀತಾ ಇದ್ದಾರೆ. ಇರೋರ ಹತ್ರ ತೆರಿಗೆ ಕೇಳೋಕೆ ಭಯ. ರಾಜ್ಯದೋರು ಕೇಂದ್ರದೋರ್ನ ಬೈತಾರೆ, ಕೇಂದ್ರದೋರು ರಾಜ್ಯದೋರ್ನ ಬೈತಾರೆ. ಸಾಲ ಮಾತ್ರ ನಮ್ಮದು.”

“ನೀನ್ ಹೇಳಿದ್ರೆ ಯಾರ್ ಕೇಳ್ತಾರಣ್ಣ?”

“ಯಾರೂ ಕೇಳಲ್ಲ.” ಅಣ್ಣ ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೊಟ್ಟ. “ನೀನು ಚಪ್ಪಾಳೆ ತಟ್ದೆ ನೋಡು, ಅದು ಸ್ವಲ್ಪ ಬೇಜಾರಾಯ್ತು.”

*

ಸೂರ್ಯ ಬೇಲಿಗೆ ಇಳಿದಾಗ ಕಾರುಗಳು ಟಾರು ರಸ್ತೆಯಲ್ಲಿ ನಿಂತವು. ಅಧ್ಯಕ್ಷರು ಬಿಳಿ ಪ್ಯಾಂಟು ಮಡಚಿಕೊಂಡು ಕೆಸರಿನಲ್ಲಿ ನಡೆದು ಬಂದರು, ಹಿಂದೆ ಹತ್ತಾರು ಜನ, ಒಬ್ಬ ಕ್ಯಾಮರಾದವನು. ಆಗಲೇ ಚಟ್ಟ ಎತ್ತಿ ಗುಣಿಯ ಹತ್ತಿರ ತಂದಾಗಿತ್ತು. ಅವರು ಹಾರ ಹಾಕಿ, ಕೈ ಮುಗಿದು, ಗಂಟಲು ಸರಿಮಾಡಿಕೊಂಡರು.

“ಮೇಷ್ಟ್ರು ನನಗೆ ಗುರುಸಮಾನ. ನಮ್ಮ ಆರ್ಥಿಕ ನೀತೀನ ಬಾಯ್ತುಂಬ ಮೆಚ್ಚಿಕೊಂಡಿದ್ದರು. ಅವರ ಕನಸಿನ ಈ ರಸ್ತೆಗೆ ಅವರ ಹೆಸರನ್ನೇ ಇಡ್ತೀವಿ. ಇವತ್ತೇ ನನ್ನ ಮಾತು.”

ಮೆಚ್ಚಿಕೊಂಡಿದ್ದರಂತೆ! ನಿರ್ಮಲಾ ಸೆರಗು ಬಾಯಿಗೊತ್ತಿ ಶಿವರಾಜುವಿನ ಕಡೆ ನೋಡಿದಳು. ಅವನು ನೆಲ ನೋಡಿದ. ರಸ್ತೆ ಆಗಲಿ, ಸುಳ್ಳು ಹಾಳಾಗಿ ಹೋಗಲಿ ಎಂದು ಒಳಗೇ ಹೇಳಿಕೊಂಡ.

ಅಣ್ಣನನ್ನು ಗುಣಿಗೆ ಇಳಿಸಿದರು. ಮಕ್ಕಳಿಲ್ಲದವನಿಗೆ ಮೊದಲ ಹಿಡಿಮಣ್ಣು ತಮ್ಮನದು. ಶಿವರಾಜು ಬಗ್ಗಿ, ಬೇರಿನ ಎಳೆಗಳಿದ್ದ ಹಸಿ ಮಣ್ಣನ್ನು ಎರಡೂ ಕೈಯಲ್ಲಿ ತುಂಬಿಕೊಂಡು ಅಂಚಿಗೆ ಬಂದ.

“ಒಂದ್ನಿಮಿಷ ಶಿವಣ್ಣ, ಅಧ್ಯಕ್ಷರು ಅರ್ಜೆಂಟಾಗಿ ಹೋಗ್ಬೇಕಂತೆ,” ಎಂದು ರಾಜಣ್ಣ ನಡುವೆ ನುಗ್ಗಿದ. ಅವರ ಕೈಗೆ ಮಣ್ಣು ಕೊಡಬೇಕಿತ್ತು. ಅಧ್ಯಕ್ಷರು ಬಂದ ಕಡೆಯೆಲ್ಲ ಗುದ್ದಲಿ ಕೊಟ್ಟೇ ರೂಢಿಯಾಗಿದ್ದ ರಾಜಣ್ಣ, ಮಣ್ಣುಗುಡ್ಡೆಗೆ ಚುಚ್ಚಿದ್ದ ಗುದ್ದಲಿಯನ್ನು ಕಿತ್ತು, ಕಾವು ಒರೆಸಿ, ಅವರ ಕೈಗೆ ಕೊಟ್ಟುಬಿಟ್ಟ. ಅವರೂ ಹಿಡಿದರು. ಎಡಗಾಲು ಮುಂದಿಟ್ಟು, ಕ್ಯಾಮರಾದ ಕಡೆ ಮುಖ ಎತ್ತಿ, ಮಣ್ಣಿಗೆ ಗುದ್ದಲಿ ಹಾಕಿದರು.

ಚಪ್ಪಾಳೆ ಬಿತ್ತು.

ಒಂದು ಕ್ಷಣ ಅಷ್ಟೇ. ತಟ್ಟಿದವರು ತಟಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡರು. ವೆಂಕಟಯ್ಯ ಬಾಯಿ ತೆರೆದು ನಿಂತಿದ್ದ. ನಿರ್ಮಲಾ ಅಧ್ಯಕ್ಷರನ್ನು ನೋಡುತ್ತಿರಲಿಲ್ಲ, ರಾಜಣ್ಣನನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ಶಿವರಾಜುವಿನ ಕೈಗಳ ಮೇಲಿತ್ತು.

ಅವನೂ ನೋಡಿಕೊಂಡ. ತಟ್ಟಿದ ಎರಡು ಅಂಗೈಗಳೂ ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಣ್ಣನಿಗೆಂದು ಎತ್ತಿಕೊಂಡ ಹಿಡಿಮಣ್ಣು ಗುಣಿಯ ಈಚೆ, ಅವನ ಪಾದದ ಮೇಲೆ ಚೆಲ್ಲಿತ್ತು.