ಹದಿನಾರು ಬ್ಲೇಡುಗಳು

ನಾಲ್ಕನೆಯ ಶನಿವಾರವೂ ಗುಜರಿ ಅಂಗಡಿಯೊಂದರ ಅಂಗಳದಲ್ಲಿ ತಮ್ಮ ಮಂಡಿಯೂರಿ ಕುಳಿತಿದ್ದ. ಕೈಯಲ್ಲಿ ಅಳತೆಯ ವರ್ನಿಯರ್, ತೊಡೆಯ ಮೇಲೆ ನೋಟ್‌ಬುಕ್ಕು, ಎದುರಿಗೆ ಮಣ್ಣು ಅಗೆಯುವ ಹಳೆಯದೊಂದು ರೋಟವೇಟರ್. ತನ್ನ ಪುಟ್ಟ ಟ್ರ್ಯಾಕ್ಟರಿಗೆ ಹೊಂದುವಂಥದ್ದನ್ನು ಹುಡುಕುತ್ತ ಹಿಂದಿನ ಮೂರು ಶನಿವಾರಗಳನ್ನೂ ಬೇರೆ ಬೇರೆ ಗುಜರಿಗಳಲ್ಲಿ ಹೀಗೆಯೇ ಕಳೆದಿದ್ದ. ಒಂದು ಕಡೆ ಕೊಂಡಿಯ ತೂತು ಎರಡು ಮಿಲಿಮೀಟರ್ ಕಿರಿದು, ಇನ್ನೊಂದು ಕಡೆ ಶಾಫ್ಟಿನ ಹಲ್ಲು ಒಂದು ಹೆಚ್ಚು. ಮೂರನೆಯ ಕಡೆ ಎಲ್ಲವೂ ಹೊಂದಿತ್ತು, ಆದರೆ ಎಳೆಯಬೇಕಾದ ಟ್ರ್ಯಾಕ್ಟರಿಗಿಂತ ಎಳೆಸಿಕೊಳ್ಳುವುದೇ ದೊಡ್ಡದಿತ್ತು.

"ಸರ್, ಅದು ಕಬ್ಬಿಣ. ಎಷ್ಟು ತಡವಿದ್ರೂ ಬೆಳೆಯಲ್ಲ," ಅಂದ ಗುಜರಿಯವನು. "ಟ್ರ್ಯಾಕ್ಟರನ್ನೇ ಒಂದ್ಸಲ ಇಲ್ಲಿಗೆ ತನ್ನಿ. ಸಿಗಿಸಿ, ಓಡಿಸಿ ನೋಡಿ, ಆಮೇಲೆ ತಗೊಂಡು ಹೋಗಿ."

"ಬೇಕಾಗಿಲ್ಲ. ಎಲ್ಲಾ ಅಳತೆ ಬರ್ಕೊಂಡೇ ಬಂದಿದೀನಿ."

"ಅಳತೆ ಸುಳ್ಳು ಹೇಳಲ್ಲ ಅಂತೀರಿ."

"ಹೇಳಲ್ಲ."

"ಸರಿ. ಆದ್ರೆ ನಾನು ವಾಪಸ್ ತಗೊಳ್ಳಲ್ಲ. ಇದೂ ಸುಳ್ಳಲ್ಲ."

ತಮ್ಮ ಅಳೆಯುತ್ತಲೇ ಇದ್ದ. ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ಅವನು. ನೂರರಂತೆ ನಾಲ್ಕು ಸಲ ಬೀಜ ಎಣಿಸಿ, ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು, ಮೊಳೆತದ್ದೆಷ್ಟು, ಮೊಳೆಯದ್ದೆಷ್ಟು ಎಂದು ಬರೆದಿಡುವುದು ಅವನ ಕಸುಬು. ಕಣ್ಣಂದಾಜು ಎಂಬ ಮಾತು ಕೇಳಿದರೆ ಅವನಿಗೆ ಈಗಲೂ ಹಲ್ಲು ಜುಮ್ಮೆನ್ನುತ್ತದೆ. ತೂತಿನಿಂದ ತೂತಿಗೆ, ಹಲ್ಲಿನಿಂದ ಹಲ್ಲಿಗೆ ಎರಡೆರಡು ಸಲ ಅಳೆದ. ಒಂದೂ ತಪ್ಪಲಿಲ್ಲ. ಖುಷಿಪಡುವಷ್ಟು ತ್ರಾಣ ಉಳಿದಿರಲಿಲ್ಲ. ಸದ್ಯ ಮುಗಿಯಿತಲ್ಲ ಎಂದುಕೊಂಡು ಅದನ್ನು ಬಾಡಿಗೆ ಗಾಡಿಗೆ ಹೇರಿಸಿದ.

ಇಷ್ಟೆಲ್ಲ ಪಾಡು ಅಕ್ಕನ ತೋಟದ ಸಲುವಾಗಿ. ಅಕ್ಕ-ತಮ್ಮ ಇಬ್ಬರೂ ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿದ್ದರು. ರಸ್ತೆಯ ಕೊನೆಯಲ್ಲಿ ತೋಟದ ಸಂಘದವರು ಹಂಚಿಕೊಟ್ಟ ಜಾಗದಲ್ಲಿ ಅಕ್ಕನದೂ ಒಂದು ತುಂಡಿತ್ತು. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ತರಕಾರಿ, ಹೂವು ಬೆಳೆಯುತ್ತಿದ್ದಳು. ಸಂಘದ ನಿಯಮ ಎರಡೇ. ವರ್ಷಕ್ಕೊಮ್ಮೆ, ಈ ತಿಂಗಳ ಕೊನೆಯ ಭಾನುವಾರ ಸಂಜೆ ಆರರೊಳಗೆ ಇಡೀ ತುಂಡನ್ನು ಅಗೆದಿರಬೇಕು, ಇಲ್ಲದಿದ್ದರೆ ಅದು ಕಾಯುತ್ತಿರುವವರ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮತ್ತೆ, ಅಗೆಯುವವರು ಮನೆಯವರೇ ಆಗಿರಬೇಕು; ಆಳು ಹಚ್ಚುವಂತಿಲ್ಲ. ಈ ವರ್ಷ ಅಕ್ಕನ ಬಲಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ತಮ್ಮನ ಸೊಂಟ ನೋಡಿದ ಡಾಕ್ಟರು, ಗುದ್ದಲಿ ಮುಟ್ಟಿದರೆ ಮತ್ತೆ ನನ್ನ ಹತ್ತಿರ ಬರಬೇಡ ಎಂದಿದ್ದರು. ಆಗ ಅವನು ಕೈತೋಟದ ಪುಟ್ಟ ಟ್ರ್ಯಾಕ್ಟರೊಂದನ್ನು ಕೊಂಡ. ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಎಂಜಿನ್ನು ಗಟ್ಟಿಯಾಗಿತ್ತು, ಹಿಂದೆ ಸಿಗಿಸುವ ಸಲಕರಣೆ ಮಾತ್ರ ಒಂದೂ ಇರಲಿಲ್ಲ.

"ತಲೆ ಇದೆ, ಕೈಯಿಲ್ಲ," ಅಂದಿದ್ದಳು ಅಕ್ಕ, ಅದನ್ನು ಸುತ್ತು ಹಾಕಿ ನೋಡಿ. "ಥೇಟ್ ನಿನ್ನ ಹಾಗೇ."

ಆ ಶನಿವಾರ ಮಧ್ಯಾಹ್ನ, ಗಡುವಿಗೆ ಒಂದೇ ದಿನ ಉಳಿದಿರುವಾಗ, ರೋಟವೇಟರ್ ತೋಟಕ್ಕೆ ಬಂತು. ಕೊಂಡಿಯಲ್ಲಿ ಪಿನ್ನು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಶಾಫ್ಟು ಒಂದೇ ಸಲಕ್ಕೆ ಕೂತಿತು. ಅಕ್ಕ ಬೇಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ಅವನು ಎಂಜಿನ್ ಶುರುಮಾಡಿ, ಸನ್ನೆಕೋಲು ಎಳೆದು, ಗೇರು ಹಾಕಿದ.

ರೋಟವೇಟರ್ ನೆಲ ಕಚ್ಚಲಿಲ್ಲ. ಗಡಗಡ ಕುಣಿಯಿತು, ಹಿಂದಕ್ಕೆ ಜಗ್ಗಿತು. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದರೆ ನೆಲದ ಮೇಲೆ ಬೆಕ್ಕು ಪರಚಿದಷ್ಟು ಗೀರು.

"ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತಂತೆ," ಅಂದಳು ಅಕ್ಕ.

ಅವನು ಇಳಿದು ಬಗ್ಗಿ ನೋಡಿದ. ಬಾಗಿದ ಬ್ಲೇಡುಗಳು ಅಲಗನ್ನು ಹಿಂದಿಟ್ಟು, ಬೆನ್ನಿನಿಂದ ಮಣ್ಣನ್ನು ಸವರುತ್ತಿದ್ದವು. ಈ ಟ್ರ್ಯಾಕ್ಟರಿನ ಹಿಂದಿನ ಶಾಫ್ಟು ಎಲ್ಲ ಟ್ರ್ಯಾಕ್ಟರುಗಳ ಹಾಗೆ ತಿರುಗುವುದಿಲ್ಲ, ಉಲ್ಟಾ ತಿರುಗುತ್ತದೆ. ಒಂದು ತಿಂಗಳಿಂದ ಅವನು ಅಳೆದದ್ದೆಲ್ಲ ನಿಂತ ಯಂತ್ರವನ್ನು. ಯಾವ ಕಡೆ ತಿರುಗುತ್ತದೆ ಎನ್ನುವುದಕ್ಕೆ ನೋಟ್‌ಬುಕ್ಕಿನಲ್ಲಿ ಒಂದು ಕಾಲಮ್ಮೂ ಇರಲಿಲ್ಲ. ಗುಜರಿಯವನು ಓಡಿಸಿ ನೋಡಿ ಎಂದದ್ದು ನೆನಪಾಗಿ ಕಿವಿ ಬಿಸಿಯಾಯಿತು. ಎಂಜಿನ್ ಆರಿಸಿ ನೆಲದ ಮೇಲೇ ಕುಳಿತುಬಿಟ್ಟ.

ಕುಳಿತಲ್ಲೇ ಅವನಿಗೆ ಉಪಾಯವೂ ಕಂಡಿತು. ಎಡಕ್ಕೆ ಬಾಗಿದ ಬ್ಲೇಡುಗಳನ್ನು ಬಿಚ್ಚಿ, ಮಗುಚಿ ಬಲದ ಜಾಗಕ್ಕೆ ಹಾಕಬೇಕು; ಬಲದವನ್ನು ಎಡಕ್ಕೆ. ಆಗ ಅಲಗು ಮುಂದೆ ಬರುತ್ತದೆ. ಹದಿನಾರು ಬ್ಲೇಡು, ಒಂದೊಂದಕ್ಕೆ ಎರಡು ಬೋಲ್ಟು. ಮೂವತ್ತೆರಡೂ ತುಕ್ಕು ಹಿಡಿದು ಗುರುತು ಸಿಗದಂತಾಗಿದ್ದವು. ಅವನು ಬಾಯಿ ಬಿಡಲಿಲ್ಲ. ಆಗುವುದಿಲ್ಲ ಎಂದರೆ ಸಾಕು, ಇವತ್ತಿಗೆ ಎಲ್ಲ ಮುಗಿಯುತ್ತದೆ. ಅಕ್ಕ ನಂಬುತ್ತಾಳೆ, ಅವನ ಅಳತೆಯನ್ನು ಅವಳು ಯಾವತ್ತೂ ಅನುಮಾನಿಸಿದವಳಲ್ಲ. ನಾಳೆ ಇಡೀ ದಿನ ಹಾಸಿಗೆಯಲ್ಲಿ ಬಿದ್ದುಕೊಂಡಿರಬಹುದು.

"ಬಿಡೋ," ಅಂದಳು ಅಕ್ಕ, ಅವನ ಮನಸ್ಸು ಓದಿದವಳಂತೆ. "ನೀನು ಸೋತು ಸುಣ್ಣ ಆಗಿದೀಯ. ಬೇರೆಯವರಾದ್ರೂ ಬೆಳ್ಕೊಳ್ಳಲಿ. ಇಪ್ಪತ್ತೆರಡು ವರ್ಷ ತಿಂದಿದೀವಲ್ಲ."

ಹಾಗೆನ್ನುತ್ತಲೇ ಅವಳು ಬಗ್ಗಿ, ಎಡಗೈಯಲ್ಲಿ, ಬೇಲಿಯ ಪಕ್ಕ ಎದ್ದಿದ್ದ ಕಳೆಯೊಂದನ್ನು ಬೇರುಸಹಿತ ಕಿತ್ತಳು. ಮಣ್ಣು ಕೊಡವಿ ಪಕ್ಕಕ್ಕಿಟ್ಟಳು. ಇನ್ನೊಂದಕ್ಕೆ ಕೈ ಹಾಕಿದಳು.

ತಮ್ಮ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಸೀಮೆಎಣ್ಣೆ ಇದೆಯಾ ಅಕ್ಕ?"

"ಯಾಕೆ, ಸುಟ್ಟು ಹಾಕ್ತೀಯಾ?"

"ಬೋಲ್ಟು ನೆನೆಸ್ಬೇಕು. ಬ್ಲೇಡು ತಿರುಗಿಸಿ ಹಾಕಿದ್ರೆ ಅಗೆಯುತ್ತೆ."

ಅಕ್ಕ ಅವನನ್ನು ದಿಟ್ಟಿಸಿದಳು. "ಇದು ನಿಂಗೆ ಯಾವಾಗ ಹೊಳೀತು?"

"ಆಗಲೇ."

"ಹೇಳೋಕೆ ಇಷ್ಟೊತ್ತು ಬೇಕಾಯ್ತಾ?"

ಅವನು ಬಗ್ಗಿ ಬೋಲ್ಟುಗಳ ತುಕ್ಕು ಕೆರೆಯತೊಡಗಿದ. ಅವಳು ಸೀಮೆಎಣ್ಣೆ ತರಲು ಮನೆಗೆ ನಡೆದಳು.

ಶನಿವಾರ ಬೆಳಕಿರುವಷ್ಟರಲ್ಲಿ ಹನ್ನೊಂದು ಬೋಲ್ಟು ಬಿಚ್ಚಿಕೊಂಡವು. ಭಾನುವಾರ ಬೆಳಿಗ್ಗೆಯಿಂದ ಉಳಿದವು. ಅವನು ಸ್ಪ್ಯಾನರಿನ ಬಾಲಕ್ಕೆ ಪೈಪು ಸಿಗಿಸಿ ಕಾಲಿನಿಂದ ಒತ್ತಿದ. ಗೆಣ್ಣುಗಳ ಚರ್ಮ ಸುಲಿಯಿತು. ಅಕ್ಕ ಹಳೆಯ ಚೀಲವೊಂದನ್ನು ಹಾಸಿ, ಎಡದ ಬ್ಲೇಡುಗಳು ಒಂದು ಕಡೆ, ಬಲದವು ಇನ್ನೊಂದು ಕಡೆ ಜೋಡಿಸಿದಳು. ನಡುನಡುವೆ, "ನಿನ್ನ ಬೀಜಗಳೇ ವಾಸಿ ಕಣೋ, ತಾವಾಗೇ ಬಿಚ್ಕೋತಿದ್ವು," ಅಂದಳು. ಅವನಿಗೆ ನಗುವಷ್ಟೂ ಉಸಿರಿರಲಿಲ್ಲ.

ಬ್ಲೇಡುಗಳೆಲ್ಲ ಅದಲುಬದಲಾಗಿ ಕೂತ ಮೇಲೆ, ನಾಲ್ಕು ಗಂಟೆಗೆ ಮತ್ತೆ ಎಂಜಿನ್ ಶುರುವಾಯಿತು. ಈ ಸಲ ರೋಟವೇಟರ್ ನೆಲ ಕಚ್ಚಿತು. ಹಿಂದೆ ಕಪ್ಪು ಮಣ್ಣು ಮಗುಚಿಕೊಂಡು ಬಂತು. ಅಕ್ಕ ಕಂಬವನ್ನು ಬಿಟ್ಟು ಆ ಮಣ್ಣಿನ ಹಿಂದೆಯೇ ನಡೆದಳು.

ಐದೂಕಾಲಿಗೆ ಸಂಘದ ಮೇಲ್ವಿಚಾರಕ ಗೇಟು ತೆರೆದು ಒಳಗೆ ಬಂದ. ಗೇಣುದ್ದಕ್ಕೆ ಗುರುತು ಹಾಕಿದ ಕಬ್ಬಿಣದ ಸರಳು ಅವನ ಕೈಯಲ್ಲಿತ್ತು. ನಡುವೆ ಚುಚ್ಚಿದ, ಗುರುತಿನವರೆಗೆ ಇಳಿಯಿತು. ಇನ್ನೊಂದು ಕಡೆಯೂ ಇಳಿಯಿತು. ಬೇಲಿಯ ಅಂಚಿನಲ್ಲಿ ಚುಚ್ಚಿದ; ಎರಡು ಬೆರಳು ಇಳಿದು ನಿಂತಿತು.

"ಇಲ್ಲಿ ಅಗೆದಿಲ್ಲವಲ್ಲಮ್ಮ."

"ಬೇಲಿ ಹತ್ರ ಗಾಡಿ ಹೋಗಲ್ಲ," ಅಂದ ತಮ್ಮ. "ಮೂವತ್ತು ಸೆಂಟಿಮೀಟರ್ ಬಿಡಲೇಬೇಕು."

"ನಿಮ್ಮ ಗಾಡಿ ಬಿಡಬಹುದು. ನಿಯಮ ಬಿಡಲ್ಲ. ಆರು ಗಂಟೆವರೆಗೆ ಟೈಮಿದೆ."

ಕೂರಲು ಬೇರೆ ಜಾಗವಿಲ್ಲದೆ ಮೇಲ್ವಿಚಾರಕ ಟ್ರ್ಯಾಕ್ಟರಿನ ಸೀಟನ್ನೇ ಹತ್ತಿ ಕುಳಿತ. ಅಕ್ಕ ಕಳೆ ತೆಗೆಯುವ ಎರಡು ಕುರ್ಚಿಗೆಗಳನ್ನು ತಂದು ಒಂದನ್ನು ತಮ್ಮನ ಕೈಗಿಟ್ಟಳು. ಗುದ್ದಲಿಯಲ್ಲ, ಮಂಡಿಯೂರಿ ಕೈಯಲ್ಲಿ ಕೆದಕುವಂಥದ್ದು. ಇದನ್ನು ಡಾಕ್ಟರು ಬೇಡವೆಂದಿರಲಿಲ್ಲ. ಇಬ್ಬರೂ ಬೇಲಿಯ ಒಂದೊಂದು ತುದಿಯಿಂದ ಶುರುಮಾಡಿದರು. ಅವಳು ಎಡಗೈಯಲ್ಲಿ, ಅವನು ಸುಲಿದ ಬಲಗೈಯಲ್ಲಿ. ತಮ್ಮ ಅಳೆಯಲಿಲ್ಲ, ಕುರ್ಚಿಗೆಯ ಅಲಗು ಹಿಡಿಯವರೆಗೆ ಇಳಿದರೆ ಸಾಕೆಂದು ಮುಂದೆ ಸರಿದ. ಬೇಲಿಯ ನಡುಮಧ್ಯದಲ್ಲಿ ಅವರ ಕೈಗಳು ಎದುರಾದವು.

ಮೇಲ್ವಿಚಾರಕ ಗಡಿಯಾರ ನೋಡಿ ಇಳಿದು ಬಂದು ಸರಳನ್ನು ಅಲ್ಲೇ ಊರಿದ. ಅದು ಗುರುತು ದಾಟಿ ಇಳಿಯಿತು. ಅವನು ಪುಸ್ತಕದಲ್ಲಿ ಬರೆದುಕೊಂಡು, "ಇನ್ನೊಂದು ವರ್ಷ ನಿಮ್ಮದೇ," ಎಂದು ಮುಂದಿನ ತುಂಡಿಗೆ ಹೋದ.

ಅಕ್ಕ ಏಳಲು ಹೋಗಿ ಆಗದೆ ಅಲ್ಲೇ ಉಳಿದಳು. ತಮ್ಮನೂ ಏಳಲಿಲ್ಲ.

"ಒಂದ್ನಿಮಿಷ ಇರೋಣ," ಅಂದಳು ಅವಳು.

"ಹೂಂ," ಅಂದ ಅವನು, ಸಡಿಲ ಮಣ್ಣಿನ ಮೇಲೆ ಕಾಲು ಚಾಚುತ್ತ.