ಸದ್ದಿಲ್ಲದ ಫ್ರಿಜ್ಜು

ಗುರುಸಿದ್ಧವ್ವ ತಟ್ಟೆಗೆ ಅರ್ಧದಷ್ಟು ನೀರು ಹಾಕಿ, ಅದನ್ನು ನನ್ನ ಒಳಗಿನ ನಡುಹಲಗೆಯ ಮೇಲಿಟ್ಟು, ನೀರಿನ ಅಲುಗಾಟ ನಿಲ್ಲುವುದನ್ನೇ ಮೊಣಕಾಲೂರಿ ಕಾಯುತ್ತಿದ್ದಳು. ಚಹಾಕ್ಕೆ ಇನ್ನೂ ಇಟ್ಟಿರಲಿಲ್ಲ, ಹಾಸಿಗೆ ಬಿಚ್ಚಿರಲಿಲ್ಲ. ವ್ಯಾನು ಎಲ್ಲಿ ನಿಂತರೂ ಮೊದಲಿನ ಕೆಲಸ ಇದು.

"ಎಡಕ್ಕ ಇಳದೈತ್ರಿ. ಹಿಂದಿನ ಗಾಲಿಗೆ ಇನ್ನೊಂದು ಹಲಗಿ ಕೊಡ್ರಿ," ಎಂದು ಕಿಟಕಿಯತ್ತ ಕೂಗಿದಳು.

"ಮೂರು ಕೊಟ್ಟೇನಿ. ನಿನ್ನ ಫ್ರಿಜ್ಜಿಗೆ ಸಿಂಹಾಸನಾನ ಕಟ್ಟಲೇನು?" ಎಂದು ಹೊರಗಿನಿಂದ ಗಂಡ ಚನ್ನವೀರಯ್ಯನ ದನಿ ಬಂತು. ಅನ್ನುತ್ತಲೇ ಅವನು ನಾಲ್ಕನೆಯ ಹಲಗೆ ಇಟ್ಟು, ವ್ಯಾನನ್ನು ಗೇಣಷ್ಟು ಮುಂದೆ ತಂದ. ತಟ್ಟೆಯ ನೀರು ಸುತ್ತಲೂ ಒಂದೇ ಗೆರೆ ಮುಟ್ಟಿ ನಿಂತಿತು.

"ಸಮ ಆತ್ರಿ."

ಯಾವ ಊರಿಗೆ ಹೋಗಬೇಕು, ಯಾವಾಗ ಹೊರಡಬೇಕು, ಎಷ್ಟು ದಿನ ಇರಬೇಕು ಎನ್ನುವುದೆಲ್ಲ ಅವನ ಮಾತು. ಎಲ್ಲಿ ನಿಲ್ಲಬೇಕು ಎನ್ನುವುದು ಮಾತ್ರ ನನ್ನ ದೆಸೆಯಿಂದ ಅವಳದಾಗಿತ್ತು.

ನಾನು ಗ್ಯಾಸಿನ ಮೇಲೆ ನಡೆಯುವ ಒಂದು ಫ್ರಿಜ್ಜು. ಬೆಂಕಿ ಹಚ್ಚಿದರೆ ತಂಪಾಗುವ ಪೆಟ್ಟಿಗೆ ಎಂದರೆ ಇಲ್ಲಿಯವರು ಈಗಲೂ ನಗುತ್ತಾರೆ. ಹಿಮ ಬೀಳುವ ದೇಶದ ಒಂದು ಕಾರ್ಖಾನೆಯಲ್ಲಿ, ಗಾಲಿಯ ಮೇಲಿನ ಮನೆಗಳಿಗೆಂದೇ ನನ್ನನ್ನು ಮಾಡಿದರು. ನನಗೆ ಮೋಟಾರಿಲ್ಲ. ಬೆನ್ನ ಹಿಂದೆ ಬೆರಳುದ್ದದ ನೀಲಿ ಉರಿ, ಅದರ ಮೇಲೊಂದು ಕೊಳವೆ. ಕಾಯ್ದ ರಸ ಕೊಳವೆಗಳಲ್ಲಿ ಹತ್ತಿ ಇಳಿದು ಹೊಟ್ಟೆಯನ್ನು ತಣ್ಣಗಿಡುತ್ತದೆ. ನಾನು ವಾಲಿದರೆ ರಸ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಆ ತಟ್ಟೆ, ಆ ಹಲಗೆಗಳು.

ನನ್ನ ಮೊದಲ ಒಡೆಯರು ಬಿಳಿಯ ಗಂಡ ಹೆಂಡತಿ. ನನ್ನಲ್ಲಿ ಚೀಸಿನ ಗಡ್ಡೆ, ಕ್ಯಾಮರಾದ ರೀಲು ತುಂಬಿಕೊಂಡು ದೇಶ ದೇಶ ದಾಟಿ ಗೋಕರ್ಣಕ್ಕೆ ಬಂದರು. ಅಲ್ಲಿ ಗಾಡಿ ಕೆಟ್ಟಿತು. ಅವರು ವಿಮಾನ ಹತ್ತಿದರು, ನಾನು ಗಾಡಿಯೊಳಗೆ ತೆಂಗಿನ ಮರದ ಕೆಳಗೆ ಉಳಿದೆ. ಎರಡು ಮಳೆಗಾಲ ಕಳೆದ ಮೇಲೆ ಚನ್ನವೀರಯ್ಯ ಕಂಡ. ಅವನು ಹಾರ್ಮೋನಿಯಂ ರಿಪೇರಿ ಮಾಡುವವನು. ಗದಗ, ರೋಣ, ನರಗುಂದದ ಸುತ್ತಿನ ಊರುಗಳ ಭಜನಾ ಮಂಡಳಿ, ನಾಟಕದ ಕಂಪನಿ, ಶಾಲೆಗಳ ಪೆಟ್ಟಿಗೆಗಳಿಗೆಲ್ಲ ಅವನೇ ವೈದ್ಯ. ಗೋಕರ್ಣದ ಒಂದು ಮಠಕ್ಕೂ ಅದೇ ಕೆಲಸಕ್ಕೆ ಬಂದಿದ್ದ. ನನ್ನನ್ನು ಕಳಚಿಕೊಂಡು ಹೋಗಿ ತನ್ನ ವ್ಯಾನಿನಲ್ಲಿ ಒಲೆಯ ಪಕ್ಕಕ್ಕೆ ಕೂರಿಸಿದ. ಆ ವ್ಯಾನೇ ಅವರಿಬ್ಬರ ಮನೆ, ಅಂಗಡಿ.

ಹನ್ನೊಂದು ವರ್ಷ ನಾನು ಅವರ ಮೊಸರು, ಬೆಣ್ಣೆ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೆಂತೆಸೊಪ್ಪು ಕಾಯ್ದೆ. ಚನ್ನವೀರಯ್ಯ ನನ್ನ ಎದುರಿಗೇ ಚಾಪೆ ಹಾಸಿ ಕೂರುತ್ತಿದ್ದ. ಹಾರ್ಮೋನಿಯಮ್ಮಿನೊಳಗಿನ ಹಿತ್ತಾಳೆಯ ನಾಲಗೆಗಳಿಗೆ ರೀಡು ಎನ್ನುತ್ತಾರೆ. ಎರಡು ರೀಡು ಒಟ್ಟಿಗೆ ನುಡಿಸಿ ಅವನು ತಲೆ ಓರೆ ಮಾಡುತ್ತಿದ್ದ. ಕೂಡದಿದ್ದರೆ ದನಿ ಅಲೆಯಂತೆ ನಡುಗುತ್ತದೆ. "ಅಲಿ ಹೊಡೀತೈತಿ," ಎಂದು ಸಣ್ಣ ಅರದಿಂದ ಕೂದಲೆಳೆಯಷ್ಟು ಕೆರೆಯುತ್ತಿದ್ದ. ಅಲೆ ಸತ್ತು ಎರಡು ದನಿ ಒಂದಾದಾಗ ಅವನ ಮುಖ ಮಗುವಿನದಾಗುತ್ತಿತ್ತು. ಆ ಹೊತ್ತಿಗೆ ಗುರುಸಿದ್ಧವ್ವ ರೊಟ್ಟಿ ಬಡಿಯುವುದನ್ನೂ ನಿಲ್ಲಿಸುತ್ತಿದ್ದಳು. ನಾನಂತೂ ಹುಟ್ಟಿದಾಗಿನಿಂದ ಮೂಕ.

ನನಗೂ ವಯಸ್ಸಾಯಿತು. ಕೊಳವೆ ತುಕ್ಕು ಹಿಡಿಯಿತು, ಉರಿ ಹಳದಿಗೆ ತಿರುಗಿತು, ಹಾಲು ಒಡೆಯತೊಡಗಿತು. ನನ್ನನ್ನು ಹೊತ್ತಿಸಲು ದಿನಕ್ಕೆ ಹತ್ತು ಸಲ ಬಗ್ಗಿ ಬಗ್ಗಿ ಅವಳ ಮೊಣಕಾಲು ಬಾತವು. ಒಂದು ದಿನ ಮುಂಗೂದಲು ಚುರ್ರೆಂದಿತು. ಅವಳು ಸುಟ್ಟ ತುದಿ ಉಜ್ಜಿಕೊಂಡು ಮತ್ತೆ ಕಡ್ಡಿ ಗೀರಿದಳು. ಅವನು ನೋಡಿದ್ದ.

ಮರುವಾರ ಗದಗಿನಿಂದ ಬರುವಾಗ ಟಂಟಂ ಗಾಡಿಯಲ್ಲಿ ಒಂದು ಫ್ರಿಜ್ಜು ತಂದ. ಮನೆಗಳಲ್ಲಿ ಇರುವಂಥದ್ದು, ಬಾಗಿಲ ಮೇಲೆ ಕೆಂಪು ಹೂವಿನ ಚಿತ್ರ. ಅದನ್ನು ಒಳಗೆ ತರಲು ವ್ಯಾನಿನ ಬಾಗಿಲು ಬಿಚ್ಚಿದರು. ಕೂರಿಸಲು ನನ್ನ ಮೇಲಿದ್ದ ಕಪಾಟನ್ನು ಕೊಯ್ದರು. ಛಾವಣಿಗೆ ಸೋಲಾರ್, ಸೀಟಿನ ಕೆಳಗೆ ಎರಡು ಬ್ಯಾಟರಿ ಬಂದವು.

"ಇನ್ನ ಬೆಂಕಿ ಹಚ್ಚೂದಿಲ್ಲ, ತಟ್ಟಿ ಇಡೂದಿಲ್ಲ. ಇದಕ್ಕ ಸಮಾನೂ ಬ್ಯಾಡ, ಏನೂ ಬ್ಯಾಡ. ರಾಣಿಹಂಗ ಇರು," ಎಂದ.

ಅವಳು ಕೇಳದೆಯೇ ಅವನು ಅವಳಿಗೆಂದು ತಂದ ಮೊದಲ ವಸ್ತು ಅದು. ಅವಳು ಹೂವಿನ ಮೇಲೆ ಕೈಯಾಡಿಸಿದಳು. ದಾರಿಯಲ್ಲಿ ಬಾಗಿಲು ತೆರೆದುಕೊಳ್ಳದಂತೆ ಹಳೆಯ ಸೀರೆಯ ಅಂಚು ಹರಿದು ಬಿಗಿದಳು. ಅಂದು ವ್ಯಾನು ಒಂದು ಇಳಿಜಾರಿನಲ್ಲಿ ನಿಂತಿತು. ಚಹಾ ಪಾತ್ರೆಯ ಒಂದೇ ಬದಿಗೆ ಸರಿದು ನಿಂತಿದ್ದನ್ನು ನೋಡಿ ಅವಳ ಕೈ ತಟ್ಟೆಯ ಕಡೆಗೆ ಹೋಯಿತು, ಹೋಗಿ ಹಿಂದೆ ಬಂತು.

ನನ್ನನ್ನು ಗುಜರಿಗೆ ಹಾಕುವ ಮಾತು ಬಂದಾಗ ಮಾತ್ರ, "ಇರಲಿ ಬಿಡ್ರಿ. ನಿಮ್ಮ ರೀಡು ಇಡಾಕ ಛಲೋ ಆಗ್ತೈತಿ, ಥಂಡಿ ಹತ್ತಂಗಿಲ್ಲ," ಎಂದಳು. ಹಾಗೆ ನಾನು ಹಿಂಬಾಗಿಲ ಮೂಲೆಯಲ್ಲಿ ಕಪಾಟಾದೆ. ನೀರಿನ ತಟ್ಟೆಯನ್ನೂ ಅವಳು ನನ್ನೊಳಗೇ ಇಟ್ಟಳು.

ಎರಡು ತಿಂಗಳಾಗಿರಬೇಕು, ಭಜನಾ ಮಂಡಳಿಯ ಹನಮಂತಗೌಡ ಮಾಸ್ತರರು ಸ್ಕೂಟರಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ಹುಡುಕುತ್ತ ಬಂದರು.

"ಅಯ್ಯಾರ, ನಿಮಗ ಕೊಟ್ಟಾಗ ಎರಡು ರೀಡು ಕೆಟ್ಟಿದ್ದವು. ನೀವು ಕೊಟ್ಟಾಗ ಆರು ಕೆಟ್ಟಾವು. ನಮ್ಮ ಮಂದಿ ಮೊದಲ ಹಾಡೂದು ಅಷ್ಟರಾಗ ಐತಿ, ಇದೊಂದು ನೆವ ಸಿಕ್ತು ಅವರಿಗೆ."

ಚನ್ನವೀರಯ್ಯ ನುಡಿಸಿ ನೋಡಿದ. "ಇಟ್ಟು ಹೋಗ್ರಿ," ಎಂದ. ಮಾಸ್ತರರು ಹೋದ ಮೇಲೆ ನನ್ನ ಪಕ್ಕೆಗೊರಗಿ ಕುಳಿತು ಹೆಂಡತಿಗೆ ಹೇಳಿದ.

"ಎರಡು ತಿಂಗಳಾತು, ರೀಡು ಹಿಡದು ಕುಂತ್ರ ಕಿವ್ಯಾಗ ಗುಂಯ್ ಅಂತೈತಿ. ನಿನಗ ಹೇಳಿರಲಿಲ್ಲ. ಕಿವಿ ಹೋದ ಮ್ಯಾಲೆ ಈ ಕೈಗೆ ಏನು ಕೆಲಸ? ಇದೊಂದು ಪೆಟಗಿ ಸರಿ ಆಗಲಿಲ್ಲಂದ್ರ ಅರ, ಇಕ್ಕಳ ಎಲ್ಲಾ ಯಾರಿಗರ ಕೊಟ್ಟುಬಿಡ್ತೀನಿ."

"ಹಂಗ್ಯಾಕಂತೀರಿ, ವಾಯು ಆಗಿದ್ದೀತು," ಎಂದು ಅವಳು ಬೆಳ್ಳುಳ್ಳಿ ಎಸಳು ಹಾಕಿ ಎಣ್ಣೆ ಕಾಯಿಸಿದಳು. ಎರಡೂ ಕಿವಿಗೆ ಉಗುರುಬೆಚ್ಚಗೆ ಬಿಟ್ಟು ಹತ್ತಿ ಇಟ್ಟಳು.

ಮರುದಿನ ಮಧ್ಯಾಹ್ನ ಹತ್ತಿ ತೆಗೆದು ಅವನು ಮಾಸ್ತರರ ಪೆಟ್ಟಿಗೆ ಬಿಚ್ಚಿದ. ಒಂದು ರೀಡು ಕೂಡಿತು. ಅಷ್ಟರಲ್ಲಿ ಹೊಸ ಫ್ರಿಜ್ಜು, ಅಂಥವು ಆಗಾಗ ಮಾಡುವಂತೆ, ಮೈ ಕೊಡವಿ ತಾನಾಗಿಯೇ ಮೋಟಾರು ನಿಲ್ಲಿಸಿತು. ಅವನು ಅದೇ ರೀಡನ್ನು ಮತ್ತೆ ನುಡಿಸಿದ. ದನಿ ನಡುಗಿತು.

"ನೋಡ, ಈಗರ ಕೂಡಿಸಿದ್ದೆ," ಎಂದು ಮತ್ತೆ ಕೆರೆದ. ಕೂಡಿತು. ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಮೋಟಾರು ಮತ್ತೆ ಹೊರಟಿತು. ಅವನು ನುಡಿಸಿ, ತಲೆಯಾಡಿಸಿ, ಅರವನ್ನು ಚಾಪೆಯ ಮೇಲಿಟ್ಟು ಮುಖ ತೊಳೆಯಲು ಹೊರಗೆ ಹೋದ.

ಗುರುಸಿದ್ಧವ್ವನ ಅಂಗೈಯಲ್ಲಿ ಬಡಿಯದ ಹಿಟ್ಟಿನ ಉಂಡೆ ಹಾಗೇ ಇತ್ತು. ಅದನ್ನು ಪರಾತದಲ್ಲಿಟ್ಟು ಎದ್ದಳು. ಫ್ರಿಜ್ಜಿನ ಪಕ್ಕೆಗೆ ಕೈಯಿಟ್ಟಳು, ಅದು ಸಣ್ಣಗೆ ನಡುಗುತ್ತಿತ್ತು. ಪ್ಲಗ್ಗು ಎಳೆದಳು. ವ್ಯಾನಿನಲ್ಲಿ ಎರಡು ತಿಂಗಳಿಂದ ನೆಂಟನಂತೆ ಉಳಿದುಕೊಂಡಿದ್ದ ಒಂದು ಸದ್ದು ಎದ್ದು ಹೋಯಿತು. ಪ್ಲಗ್ಗು ಹಾಕಿದಳು. ಗುಂಯ್.

ಕೆಟ್ಟದ್ದು ಕಿವಿಯಲ್ಲ.

ಅವಳು ನನ್ನತ್ತ ತಿರುಗಿ, ನನ್ನ ಪಕ್ಕೆಗೂ ಕೈಯಿಟ್ಟು ನೋಡಿದಳು. ನನ್ನ ಮೌನ ಅವರ ಕೆಲಸದ ಸಲಕರಣೆಗಳಲ್ಲಿ ಒಂದಾಗಿತ್ತೆಂಬುದು ನನಗೂ ಆಗಲೇ ತಿಳಿದದ್ದು. ಹೊಸದರ ಮೇಲೆ ನನಗೆ ಸಿಟ್ಟಿಲ್ಲ. ಅದು ಅದರ ಉಸಿರು.

ಸಂಜೆ ಮುಂದಿನ ಊರಿನ ಶಾಲೆಯ ಬಯಲಿಗೆ ಬಂದೆವು. ವ್ಯಾನು ನಿಂತದ್ದೇ ಅವಳು ನನ್ನ ಬಾಗಿಲು ತೆರೆದು, ತಟ್ಟೆ ತೆಗೆದು, ನೀರು ಹಾಕಿ ನನ್ನ ನೆತ್ತಿಯ ಮೇಲಿಟ್ಟಳು.

"ಬಲಕ್ಕ ಇಳದೈತ್ರಿ. ಹಲಗಿ ಕೊಡ್ರಿ."

"ಅದಕ್ಕ ಈಗ ಸಮ ಯಾಕ ಬೇಕು ಮಾರಾಯ್ತಿ?"

"ನನಗ ಬೇಕ್ರಿ."

ಹೊರಗೆ ಹಲಗೆ ಇಟ್ಟ ಸದ್ದು ಕೇಳಿತು.

ಬೆಳಿಗ್ಗೆ ಅವನು ಚಾಪೆ ಹಾಸಿ ಪೆಟ್ಟಿಗೆ ತೆರೆಯುವಾಗ ಅವಳು ಹಾಲಿನ ಪಾತ್ರೆ ತೆಗೆಯುವ ನೆವದಲ್ಲಿ ಆ ಕಡೆ ಹೋಗಿ ಪ್ಲಗ್ಗು ಎಳೆದಳು. ಬಾಗಿಲು ತೆರೆಯದಿದ್ದರೆ ತಂಪು ಎರಡು ತಾಸು ಎಲ್ಲಿಗೂ ಹೋಗುವುದಿಲ್ಲ, ಅದು ಅವಳಿಗೆ ಗೊತ್ತು. ಅವನು ಒಂದೊಂದಾಗಿ ಆರೂ ರೀಡು ಕೂಡಿಸಿದ. ಎರಡು ಸಲ ತಿರುಗಿ ನುಡಿಸಿದ. ಎಲ್ಲಿಯೂ ಅಲೆ ಏಳಲಿಲ್ಲ.

"ಗುರುಸಿದ್ಧೀ," ಎಂದ ಮೆಲ್ಲಗೆ. "ಗುಂಯ್ ಅನ್ನೂದು ನಿಂತೈತಿ. ನಿನ್ನ ಬೆಳ್ಳುಳ್ಳಿ ಎಣ್ಣಿ ದೊಡ್ಡ ಡಾಕ್ಟರಾತು ನೋಡ."

ಅವಳು ನಿಜ ಹೇಳಿದ್ದರೆ ಅವನು ನಗುತ್ತಿದ್ದ. ನಕ್ಕು, ಅಂದೇ ಆ ಫ್ರಿಜ್ಜನ್ನು ಇಳಿಸಿಬಿಡುತ್ತಿದ್ದ. ಅವಳಿಗೆಂದು ತಂದದ್ದೇ ತನ್ನ ಕಿವಿಗೆ ಮುಳುವಾಯಿತೆಂಬ ಮಾತು ಮಾತ್ರ ಅವನೊಳಗೆ ಉಳಿದುಬಿಡುತ್ತಿತ್ತು. ಅವಳು ಕೆಂಪು ಹೂವಿನ ಬಾಗಿಲನ್ನೂ, ಅರವನ್ನು ಬಟ್ಟೆಯಲ್ಲಿ ಒರೆಸಿ ಜತನವಾಗಿ ಇಡುತ್ತಿದ್ದ ಅವನ ಕೈಯನ್ನೂ ನೋಡಿದಳು.

"ಎಣ್ಣಿ ಬಿಡಬ್ಯಾಡ್ರಿ. ದಿನಾ ಹಾಕ್ತೀನಿ," ಎಂದಳು.

ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದು ಕೇಳುವವರೆಗೂ ಕಾಯ್ದು ಪ್ಲಗ್ಗನ್ನು ಮೆಲ್ಲಗೆ ಸಿಕ್ಕಿಸಿದಳು. ನಾಳೆ ಬೆಳಿಗ್ಗೆ ಅವನು ಚಾಪೆ ಬಿಚ್ಚುವ ಮೊದಲೇ ಇಲ್ಲಿ ಬಂದು ನಿಂತಿರಬೇಕು, ನಾಡಿದ್ದೂ ಅಷ್ಟೇ, ಅವನು ಅರ ಹಿಡಿಯುವಷ್ಟು ದಿನವೂ ಅಷ್ಟೇ. ನನ್ನ ನೆತ್ತಿಯ ಮೇಲಿನ ತಟ್ಟೆಯ ನೀರನ್ನು ಹೊರಗೆ ಚೆಲ್ಲಿ, ಸೆರಗಿನಿಂದ ಒರೆಸಿ, ನನ್ನೊಳಗೆ ರೀಡುಗಳ ಪಕ್ಕದಲ್ಲಿ ಇಟ್ಟು, ಬಾಗಿಲು ಹಾಕಿದಳು.